ದಿನಕ್ಕೊಂದು ಬೇಲಿ

ಬೇಲಿಯಕ್ಕ ಎಂಬ ಹೆಸರಿಟ್ಟವಳು ನಾನೇ. ಒಂದು ವರ್ಷ ಬೆನ್ನ ಹಿಂದೆ ಕರೆದು, ಒಂದು ದಿನ ಬಾಯಿತಪ್ಪಿ ಎದುರಿಗೇ ಕರೆದುಬಿಟ್ಟೆ. ಇನ್ನು ಬೈಗುಳ ಬಿತ್ತು ಎಂದು ಮೈ ಬಿಗಿಹಿಡಿದು ಕೂತರೆ ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, “ಹೆಸರಿಡೋದು ಆಮೇಲೆ. ಮೊದಲು ನೀನು ಬೇಲಿ ಹಾಕಿದ್ದೀಯಾ ಹೇಳು” ಎಂದರು. ಹಾಕಿರಲಿಲ್ಲ. ಅರ್ಧ ದಿನದ ಕೆಲಸವನ್ನು ಪಕ್ಕಕ್ಕಿಡಿಸಿ ಮೊದಲಿನಿಂದ ಶುರುಮಾಡಿಸಿದರು. ಆ ಮಧ್ಯಾಹ್ನ ಅವರನ್ನು ಮನಸ್ಸಿನಲ್ಲೇ ಏನೇನು ಬೈದೆ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ನಾನೂ, ನನಗೆ ಕೆಲಸ ಕಲಿಸಿದ ಈ ಅಕ್ಕನೂ ಇದ್ದದ್ದು ಸಿಟಿ ಬಸ್ಸುಗಳ ವೇಳಾಪಟ್ಟಿ ವಿಭಾಗದಲ್ಲಿ. ಕೆಳಗೆ ಡಿಪೋ, ಮೇಲೆ ನಮ್ಮ ಕೋಣೆ. ಬಸ್ಸೊಂದು ಸ್ಟಾರ್ಟ್ ಆದರೆ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು, ಚಹಾದಲ್ಲೂ ಡೀಸೆಲ್ ವಾಸನೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಯಾವ ನಿಲ್ದಾಣದಲ್ಲಿರಬೇಕು ಎಂದು ಲೆಕ್ಕ ಹಾಕುವ ಪ್ರೋಗ್ರಾಮುಗಳನ್ನು ಪೈಥಾನ್ ಭಾಷೆಯಲ್ಲಿ ಬರೆಯುವುದು ನಮ್ಮ ಹೊಟ್ಟೆಪಾಡು.

ಈ ಕಸುಬು ಗೊತ್ತಿಲ್ಲದವರಿಗೆ ಬೇಲಿ ಎಂದರೇನು ಎಂದು ಹೇಳಿಬಿಡುತ್ತೇನೆ. ಒಂದೊಂದು ಪ್ರೋಗ್ರಾಮಿಗೂ ಬೇರೆಯವರು ಮಾಡಿಟ್ಟ ಹತ್ತಾರು ಸಲಕರಣೆಗಳು ಬೇಕು. ಒಂದಕ್ಕೆ ಹಳೆಯ ಪೈಥಾನೇ ಆಗಬೇಕು, ಇನ್ನೊಂದಕ್ಕೆ ಹೊಸದಿಲ್ಲದೆ ನಡೆಯದು. ಎಲ್ಲವನ್ನೂ ಒಂದೇ ಕಡೆ ಸುರಿದಿಟ್ಟರೆ ಇದನ್ನು ಸರಿಮಾಡಲು ಹೋದಾಗ ಅದು ಮಗುಚಿ ಬೀಳುತ್ತದೆ. ಅದಕ್ಕೇ ಪ್ರತಿ ಕೆಲಸಕ್ಕೂ ಒಂದು ಫೋಲ್ಡರ್ ಮಾಡಿ, ಅದರ ಪೈಥಾನು, ಅದರ ಸಲಕರಣೆಗಳು ಎಲ್ಲವನ್ನೂ ಅದರೊಳಗೇ ಇಟ್ಟುಬಿಡುತ್ತಾರೆ. ಪುಸ್ತಕದಲ್ಲಿ ಅದಕ್ಕೆ ವರ್ಚುವಲ್ ಎನ್ವಿರಾನ್‌ಮೆಂಟ್ ಎಂಬ ಉದ್ದನೆಯ ಹೆಸರಿದೆ. ಅಕ್ಕ ಅದನ್ನು ಬೇಲಿ ಎನ್ನುತ್ತಿದ್ದರು. ಕೋಡ್ ಬರೆಯುವ ಎಡಿಟರಿನಲ್ಲಿ ಕೆಳಗಡೆ ಮೂಲೆಯಲ್ಲಿ, ಈಗ ಯಾವ ಬೇಲಿಯೊಳಗಿನ ಇಂಟರ್‌ಪ್ರಿಟರ್, ಅಂದರೆ ನಾವು ಬರೆದದ್ದನ್ನು ಓದಿ ನಡೆಸುವ ಪೈಥಾನು, ಕೆಲಸ ಮಾಡುತ್ತಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಬೆಳಿಗ್ಗೆ ಬಂದವರೇ ಅಕ್ಕ ಮೊದಲು ನೋಡುತ್ತಿದ್ದದ್ದು ಆ ಮೂಲೆಯನ್ನು.

ಅವರ ಈ ಹಟ ಸುಮ್ಮನೆ ಹುಟ್ಟಿದ್ದಲ್ಲ. ನಾನು ಸೇರುವ ಮುಂಚೆ ಯಾರೋ ಒಬ್ಬ ಪುಣ್ಯಾತ್ಮ ತನ್ನ ವರದಿಗೆ ಬೇಕೆಂದು ಎಲ್ಲರೂ ಬಳಸುವ ಸಲಕರಣೆಯೊಂದನ್ನು ಹೊಸದಕ್ಕೆ ಬದಲಾಯಿಸಿ ಮನೆಗೆ ಹೋಗಿದ್ದನಂತೆ. ಬೆಳಗಾದರೆ ವೇಳಾಪಟ್ಟಿಯೇ ಇಲ್ಲ. ಡ್ರೈವರುಗಳು ಡಿಪೋದಲ್ಲಿ ಬೀಡಿ ಸೇದುತ್ತಾ ನಿಂತಿದ್ದರು, ನಿಲ್ದಾಣಗಳಲ್ಲಿ ಜನ ಬಾಯಿಗೆ ಬಂದಂತೆ ಉಗಿಯುತ್ತಿದ್ದರು. ಅದನ್ನು ಸರಿಪಡಿಸಿದ್ದು ಅಕ್ಕ. ಅವತ್ತಿನಿಂದ ಅವರದು ಎರಡೇ ಮಾತು: ಬೇಲಿ ಹಾಕದೆ ಒಂದು ಸಾಲೂ ಬರೆಯಬಾರದು, ಇನ್ನೊಬ್ಬರು ಹಾಕಿದ ಬೇಲಿಯೊಳಗೆ ಕಾಲಿಡಬಾರದು. ಹೊಸದಾಗಿ ಸೇರಿದವರಿಗೆ ಕುರ್ಚಿ ಸಿಗುವುದಕ್ಕೂ ಮೊದಲು ಈ ಎರಡು ಮಾತು ಸಿಗುತ್ತಿದ್ದವು.

ಹಾಗೆಂದು ಗಂಟುಮುಖದ ಹೆಂಗಸಲ್ಲ. ನಗಲು ಶುರುಮಾಡಿದರೆ ಕಣ್ಣಲ್ಲಿ ನೀರು ಬರುವವರೆಗೂ ನಗುತ್ತಿದ್ದರು. ಮಕ್ಕಳಿರಲಿಲ್ಲ. ಗಂಡ ಟೈಲರು. ಡಿಪೋದ ಹಿಂದಿನ ಬೀದಿಯಲ್ಲಿ ಅಂಗಡಿ, ಅದರ ಹಿಂದೆಯೇ ಮನೆ. ಅಕ್ಕನನ್ನು ಅಕ್ಕ ಎಂದ ಮೇಲೆ ಅವರು ನನಗೆ ಭಾವ ಆದರು. “ನಿಮ್ಮಕ್ಕನ್ನ ಅಳತೆ ತಗೊಳ್ಳೋಕೆ ಬಿಟ್ಟಿದ್ರೆ ನನ್ನ ಗಿರಾಕಿಗಳಿಗೂ ಒಬ್ಬೊಬ್ಬರಿಗೆ ಒಂದೊಂದು ಬೇಲಿ ಹಾಕಿಬಿಡೋಳು” ಎಂದು ಭಾವ ಛೇಡಿಸಿದರೆ, “ಹಾಕಿದ್ರೆ ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆಗೆ ಹೋಗ್ತಿರಲಿಲ್ಲ” ಎಂದು ಅಕ್ಕ ತಿರುಗಿ ಕೊಡುತ್ತಿದ್ದರು. ಅದೂ ಒಮ್ಮೆ ನಿಜವಾಗಿ ನಡೆದಿತ್ತು.

ಹೊಳೆಯ ಆಚೆ ಕಾರ್ಖಾನೆಗಳು ಶುರುವಾದಾಗ ಅಲ್ಲಿಗೆ ಹೊಸ ಬಸ್ ಮಾರ್ಗ ಬೇಕಾಯಿತು. ಪಾಳಿ ಮುಗಿಸಿದ ಹೆಂಗಸರು ರಸ್ತೆಬದಿ ಕಾದು ನಿಲ್ಲದ ಹಾಗೆ ಬಸ್ಸುಗಳ ಹೊತ್ತನ್ನು ಹೊಂದಿಸುವುದು ಕೆಲಸ. ಅದನ್ನು ಅಕ್ಕ ಕೇಳಿ ಪಡೆದರು. ಕೆಲವು ತಿಂಗಳು ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಎಂದುಕೊಂಡಿದ್ದೆವು. ಒಂದು ದಿನ ವಿಭಾಗದ ಸಾಹೇಬರು ನನ್ನನ್ನು ಕರೆದು, “ನಿಮ್ಮಕ್ಕನ ಮೆಷೀನಲ್ಲಿ ಜಾಗ ತುಂಬಿಹೋಗಿದೆಯಂತೆ. ಏನು ಗುಡ್ಡೆ ಹಾಕ್ಕೊಂಡಿದ್ದಾರೋ ನೋಡಮ್ಮ” ಎಂದರು. ಅಕ್ಕ ಊಟಕ್ಕೆ ಮನೆಗೆ ಹೋಗಿದ್ದರು. ನಾನು ಅವರ ಕುರ್ಚಿಯಲ್ಲಿ ಕೂತು ಎಡಿಟರ್ ತೆರೆದೆ. ಇಂಟರ್‌ಪ್ರಿಟರ್ ಆರಿಸುವ ಕಡೆ ಒತ್ತಿದರೆ ಸಾಲು ಮುಗಿಯುತ್ತಲೇ ಇಲ್ಲ. ಅಷ್ಟೂ ಆ ಒಂದೇ ಕೆಲಸದ ಫೋಲ್ಡರಿನೊಳಗೆ ಹಾಕಿದ ಬೇಲಿಗಳು. ಬೇಲಿ. ಹೊಸ ಬೇಲಿ. ಸರಿಯಾದ ಬೇಲಿ. ನನ್ನ ಬೇಲಿ. ಇದೇ ನನ್ನ ಬೇಲಿ. ಮುಟ್ಟಬೇಡಿ.

ಒಂದೊಂದನ್ನೇ ಬಿಚ್ಚಿ ನೋಡಿದೆ. ಎಲ್ಲದರೊಳಗೂ ಅದೇ ಪೈಥಾನು, ಅವೇ ಸಲಕರಣೆಗಳು, ಅಷ್ಟೇ ಅಚ್ಚುಕಟ್ಟು. ಹುಟ್ಟಿದ ತಾರೀಖು ನೋಡಿದರೆ ದಿನಕ್ಕೊಂದು. ದಿನಾ ಬೆಳಿಗ್ಗೆ ಬಂದು, ಕೆಲಸವನ್ನು ಇವತ್ತೇ ಶುರುಮಾಡುವವರ ಹಾಗೆ ಹೊಸ ಬೇಲಿ ಹಾಕುವುದರಲ್ಲೇ ಅವರ ಅರ್ಧ ಹೊತ್ತು ಕಳೆದುಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಬೇಕೆಂದೇ ಅವರ ಪಕ್ಕದಲ್ಲಿ ಸುಳಿದಾಡಿದೆ. ಅಕ್ಕ ಎಡಿಟರ್ ತೆರೆದರು, ಕೆಳಗಿನ ಮೂಲೆ ನೋಡಿದರು, ಹುಬ್ಬು ಗಂಟಿಕ್ಕಿದರು.

“ಯಾರೋ ನನ್ನ ಮೆಷೀನ್ ಮುಟ್ತಿದ್ದಾರೆ ಕಣೇ.”

“ಯಾಕಕ್ಕಾ?”

“ನೋಡಿಲ್ಲಿ. ಇದು ನಾನು ಹಾಕಿದ್ದಲ್ಲ. ಯಾರದೋ ಏನೋ. ಒಳಗೆ ಏನು ತುರುಕಿದ್ದಾರೋ ಯಾರಿಗೆ ಗೊತ್ತು.”

ಹೀಗೆ ಹೇಳಿ ಅವರು ಹೊಸದೊಂದು ಹಾಕತೊಡಗಿದರು. ಕೀಲಿಗಳ ಮೇಲೆ ಬೆರಳು ಎಲ್ಲೂ ತಡವರಿಸಲಿಲ್ಲ. ನಿನ್ನೆ ತಾವೇ ಹಾಕಿದ್ದು ಅವರಿಗೆ ಇವತ್ತು ಪರರದ್ದಾಗಿತ್ತು. ಇನ್ನೊಬ್ಬರ ಬೇಲಿಯೊಳಗೆ ಕಾಲಿಡದವರು ತಮ್ಮದರೊಳಗೂ ಕಾಲಿಡದೆ ಹೊರಗೇ ನಿಂತುಬಿಟ್ಟಿದ್ದರು. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

ಸಂಜೆ ನೇರವಾಗಿ ಭಾವನ ಅಂಗಡಿಗೆ ಹೋದೆ. ಅವರು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ, “ಆಫೀಸಲ್ಲೂ ಗೊತ್ತಾಯ್ತಾ?” ಎಂದು ಕೇಳಿದರು. ಅಂದರೆ ಮನೆಯಲ್ಲಿ ಯಾವಾಗಲೋ ಗೊತ್ತಿತ್ತು. ಡಾಕ್ಟರಿಗೆ ತೋರಿಸಿದ್ದಾಗಿತ್ತು. ಮರೆವು ನಿಲ್ಲುವುದಿಲ್ಲ, ನಿಧಾನ ಆಗಬಹುದು ಅಷ್ಟೆ, ಕೈಗೆ ಪಳಗಿದ ಕೆಲಸ ಎಷ್ಟು ದಿನ ಕೈಯಲ್ಲಿ ಉಳಿಯುತ್ತದೋ ಅಷ್ಟು ದಿನ ಅವರು ಅವರಾಗಿ ಇರುತ್ತಾರೆ ಎಂದು ಡಾಕ್ಟರು ಹೇಳಿದ್ದರಂತೆ.

“ಅವಳಿಗೂ ಗೊತ್ತು” ಎಂದರು ಭಾವ. “ಗೊತ್ತಿರೋದು ಕೆಲವು ದಿನ ನೆನಪಿರುತ್ತೆ, ಕೆಲವು ದಿನ ಇಲ್ಲ. ನೆನಪಿದ್ದ ದಿನ ನನ್ನ ಹತ್ರ ಮಾತು ತಗೊಂಡಿದ್ದಾಳೆ. ಆ ಹೊಳೆಯಾಚೆ ಬಸ್ಸಿನ ಕೆಲಸ ಮುಗಿಸಿ ತಾನಾಗೇ ಎದ್ದು ಬರ್ತಾಳಂತೆ. ಯಾರೂ ಅವಳನ್ನ ಎಬ್ಬಿಸಿ ಕಳಿಸಬಾರದಂತೆ.”

ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ನನ್ನ ಮುಖ ನೋಡದೆ ಅಂದರು: “ನೀನು ಏನಾದ್ರೂ ಮಾಡೋಕಾಗುತ್ತಾ ಅಮ್ಮಾ?”

ನನ್ನಿಂದ ಆದದ್ದು ಇಷ್ಟೇ. ಏನೋ ಹಳೆಯ ಕಸ ಸೇರಿಕೊಂಡಿತ್ತು, ತೆಗೆದೆ ಎಂದು ಸಾಹೇಬರಿಗೆ ಸುಳ್ಳು ಹೇಳಿದೆ. ಅಕ್ಕ ಮನೆಗೆ ಹೊರಟ ಮೇಲೆ ಅವತ್ತಿನ ಬೇಲಿಯನ್ನು ಅಳಿಸಿ ಹಾಕುತ್ತಿದ್ದೆ. ಎಲ್ಲಕ್ಕಿಂತ ಮೊದಲಿನದೊಂದನ್ನು ಮಾತ್ರ ಉಳಿಸಿಕೊಂಡು, ಫೋಲ್ಡರ್ ತೆರೆದಾಗ ಎಡಿಟರು ಅದನ್ನೇ ಹಿಡಿಯುವಂತೆ ಮಾಡಿಡುತ್ತಿದ್ದೆ. ಬೆಳಿಗ್ಗೆ ಅವರು ಬರುವ ಹೊತ್ತಿಗೆ ಕುರ್ಚಿಯ ಪಕ್ಕ ಹೋಗಿ ನಿಂತು, ಆ ಮೂಲೆಯ ಮೇಲೆ ಬೆರಳಿಟ್ಟು, “ಅಕ್ಕಾ, ಇದು ನಿಮ್ಮದೇ. ನೀವು ಹಾಕಿದ್ದನ್ನ ನಾನೇ ನೋಡಿದ್ದೀನಿ” ಎನ್ನುತ್ತಿದ್ದೆ. ಕೆಲವು ದಿನ ನನ್ನ ಮಾತು ನಂಬಿ ಕೆಲಸಕ್ಕಿಳಿಯುತ್ತಿದ್ದರು. ಆ ದಿನಗಳಲ್ಲಿ ಅವರು ಬರೆದದ್ದನ್ನು ನೋಡಬೇಕಿತ್ತು, ಎಲ್ಲೂ ಒಂದು ಸಾಲು ಹೆಚ್ಚಿಲ್ಲ, ಕಮ್ಮಿಯಿಲ್ಲ. ಬಸ್ಸುಗಳ ಹೊತ್ತು ಒಂದೊಂದಾಗಿ ಕೂಡಿಬರುತ್ತಿತ್ತು.

ನಂಬದ ದಿನಗಳೂ ಇದ್ದವು. “ನೀನು ನೋಡಿದ್ದೀನಿ ಅಂತೀಯ, ನನಗೇ ಗೊತ್ತಿಲ್ವಾ ನಾನು ಹಾಕಿದ್ದು?” ಎಂದು ಎಲ್ಲರೆದುರಿಗೇ ರೇಗುತ್ತಿದ್ದರು. ಒಂದು ದಿನ ನನ್ನ ಕಣ್ಣಲ್ಲಿ ಕಣ್ಣಿಟ್ಟು, “ನನ್ನ ಮೆಷೀನ್ ಮುಟ್ತಿರೋದು ನೀನೇ ತಾನೇ?” ಎಂದು ಕೇಳಿಬಿಟ್ಟರು. ಮುಟ್ಟುತ್ತಿದ್ದದ್ದು ನಾನೇ. ಇಲ್ಲ ಎಂದೆ. ಮಾತಿಗೆ ಮಾತು ಕೊಡದೆ ಬಿಟ್ಟವಳಲ್ಲ ನಾನು, ಆ ದಿನ ಮಾತ್ರ ತಲೆ ತಗ್ಗಿಸಿ ನನ್ನ ಜಾಗಕ್ಕೆ ಬಂದು ಕೂತೆ.

ಮಾರ್ಗದ ಕೆಲಸದಲ್ಲಿ ಇನ್ನು ಎರಡನೇ ಪಾಳಿಯ ಬಸ್ಸುಗಳಷ್ಟೇ ಬಾಕಿ ಇದ್ದಾಗ ಸಿಕ್ಕಿಬಿದ್ದೆ. ಅಕ್ಕ ಹೊರಟರು ಎಂದುಕೊಂಡು ಅವರ ಕುರ್ಚಿಯಲ್ಲಿ ಕೂತಿದ್ದೆ. ಅವರು ಕೈತೊಳೆಯಲು ಹೋಗಿದ್ದರಷ್ಟೆ. ಬಂದು ನನ್ನ ಹಿಂದೆ ನಿಂತದ್ದು ತಿಳಿಯಲಿಲ್ಲ. ಆ ವಾರ ಎರಡು ಮೂರು ದಿನ ನಾನು ಅಳಿಸದೆ ಬಿಟ್ಟಿದ್ದರಿಂದ ಪರದೆಯ ಮೇಲೆ ಬೇಲಿಗಳ ಹೆಸರು ಸಾಲಾಗಿ ನಿಂತಿದ್ದವು. ಅಕ್ಕ ಬಾಗಿ, ಒಂದೊಂದನ್ನೂ ಮೆಲ್ಲಗೆ ಓದಿದರು. ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

“ಇವೆಲ್ಲ ನಾನೇ ಹಾಕಿದ್ದಾ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಹೂಂ ಅಕ್ಕಾ.”

“ಮುಂಚೆನೂ ಇದ್ವಾ?”

“ಇದ್ವು.”

“ನೀನು ದಿನಾ ತೆಗೀತಿದ್ದೆ.”

ನಾನು ಹೂಂಗುಟ್ಟಿದೆ. ಅವರು ಪರದೆಯ ಮೇಲಿನ ಹೆಸರುಗಳತ್ತ ಬೆರಳು ತೋರಿಸಿ ಕೇಳಿದರು: “ಒಳಗೆ ಎಲ್ಲ ಸರಿಯಾಗಿ ಹಾಕಿದ್ನಾ? ಏನಾದ್ರೂ ತಪ್ಪು?”

“ಒಂದರಲ್ಲೂ ಒಂದು ತಪ್ಪಿಲ್ಲ ಅಕ್ಕಾ.”

ಅವರು ನಕ್ಕರು. ತಮ್ಮ ಅಭ್ಯಾಸದಂತೆ ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ನಗು ನಿಂತ ಮೇಲೂ ನೀರು ನಿಲ್ಲಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ. ಕೆಳಗೆ ಯಾವುದೋ ಬಸ್ಸು ಸ್ಟಾರ್ಟ್ ಆಗಿ ಕಿಟಕಿ ಗಡಗಡ ಎಂದಿತು.

“ಏಳು, ಸಾಹೇಬರ ಹತ್ರ ಹೋಗೋಣ” ಎಂದರು ಅಕ್ಕ.

“ಇನ್ನು ಸ್ವಲ್ಪ ತಾನೇ ಇರೋದು, ಮುಗಿಸಿಬಿಡಿ ಅಕ್ಕಾ. ನಾನಿದ್ದೀನಲ್ಲ.”

“ನಾಳೆಗೆ ಇದು ನೆನಪಿರಲ್ಲ ಕಣೇ ನನಗೆ. ನಾಳೆ ಮತ್ತೆ ನಿನ್ನ ಮೇಲೇ ಅನುಮಾನ ಪಡ್ತೀನಿ. ಈಗ ನೆನಪಿದೆ, ಈಗಲೇ ಹೋಗಬೇಕು.”

ಸಾಹೇಬರ ಕೋಣೆಗೆ ಅವರು ನನ್ನ ಕೈ ಬಿಡಿಸಿಕೊಂಡು ಒಬ್ಬರೇ ಹೋದರು. ಅಲ್ಲಿ ಏನು ಹೇಳಿದರೋ ನನಗೆ ಗೊತ್ತಿಲ್ಲ, ಹೊರಗೆ ಬಂದಾಗ ಸಾಹೇಬರೂ ಅವರ ಹಿಂದೆ ಬಾಗಿಲವರೆಗೆ ಬಂದಿದ್ದರು. ನಮ್ಮ ಸಾಹೇಬರು ಯಾರಿಗೂ ಎದ್ದು ಬರುವ ಜನವಲ್ಲ. ಉಳಿದಿದ್ದ ಎರಡನೇ ಪಾಳಿಯ ಬಸ್ಸುಗಳ ಕೆಲಸವನ್ನು ನಾನು ಮುಗಿಸಿದೆ. ಹೊಳೆಯಾಚೆಗೆ ಬಸ್ಸು ಓಡಿತು, ಕಾರ್ಖಾನೆಯ ಹೆಂಗಸರು ಹತ್ತಿ ಇಳಿದರು. ಮಾಡಿದ್ದು ಯಾರು ಎಂದು ಒಬ್ಬರೂ ಕೇಳಲಿಲ್ಲ. ಬಸ್ಸಿನ ಹೊತ್ತು ಸರಿಯಾಗಿದ್ದರೆ ಯಾರೂ ಕೇಳುವುದಿಲ್ಲ.

ಕೆಲಸ ಬಿಟ್ಟು ಮನೆ ಸೇರಿದ ಮೇಲೆ ಅಕ್ಕನಿಗೆ ಬೆಳಿಗ್ಗೆ ಎದ್ದು ತಯಾರಾಗಿ ಎಲ್ಲಿಗೆ ಹೋಗಬೇಕೋ ತಿಳಿಯದೆ ಬಾಗಿಲಲ್ಲಿ ನಿಲ್ಲುವುದು ಶುರುವಾಯಿತು. ಭಾವ ಅಂಗಡಿಯ ಮೂಲೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕ, ಒಂದು ಸಣ್ಣ ಮೇಜು ಹಾಕಿ ಮನೆಯ ಹಳೆಯ ಲ್ಯಾಪ್‌ಟಾಪನ್ನು ಇಟ್ಟುಕೊಟ್ಟರು. ಅಕ್ಕ ಹೊತ್ತಿಗೆ ಸರಿಯಾಗಿ ಬಂದು ಕೂತು ಎಡಿಟರ್ ತೆರೆದು, ಒಂದು ಬೇಲಿ ಹಾಕಿ, ಇಂಟರ್‌ಪ್ರಿಟರ್ ಆರಿಸಿ, ನಾಲ್ಕು ಸಾಲು ಬರೆಯುತ್ತಿದ್ದರು. ಗಿರಾಕಿಗಳು ಮೇಡಂ ಅಕೌಂಟ್ಸ್ ನೋಡ್ತಾರೆ ಎಂದುಕೊಂಡಿದ್ದರು. ಭಾವ ಯಾರಿಗೂ ಅಲ್ಲ ಎನ್ನಲಿಲ್ಲ.

ಹಳೆಯ ಲ್ಯಾಪ್‌ಟಾಪಿನಲ್ಲಿ ಜಾಗ ಎಷ್ಟಿರುತ್ತದೆ? ವಾರ ಕಳೆಯುವುದರೊಳಗೆ ತುಂಬಿ ಮೊಂಡು ಹಿಡಿಯುತ್ತಿತ್ತು. ಹಾಗಾಗಿ ಭಾನುವಾರ ಹೋಗಿ ಅಳಿಸುವುದು ನನ್ನ ಪಾಲಿಗೆ ಬಂತು. ನಾನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಕೊಂಡರೆ ಭಾವ ಹೊಲಿಗೆ ಮೆಷೀನ್ ನಿಲ್ಲಿಸುತ್ತಿದ್ದರು.

“ಇದ್ವಾ ಈ ವಾರ?”

“ಇದ್ವು ಭಾವ. ನಿಮ್ಮಾಕೆ ಸುಮ್ನೆ ಕೂರೋ ಪೈಕಿನಾ?”

ಅಷ್ಟು ಕೇಳಿದರೆ ಅವರ ಮುಖ ಅರಳುತ್ತಿತ್ತು. ಮತ್ತೆ ಮೆಷೀನ್ ತುಳಿಯುತ್ತಿದ್ದರು. ಡಾಕ್ಟರು ಹೇಳಿದ ಮಾತು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು: ಬೇಲಿ ಹಾಕುತ್ತಿರುವವರೆಗೂ ಅವಳು ಇದ್ದಾಳೆ. ಆಫೀಸಿನಲ್ಲಿ ಯಾವ ಬೇಲಿಗಳನ್ನು ಕಂಡು ನನಗೆ ಎದೆ ಒಡೆದಿತ್ತೋ, ಇಲ್ಲಿ ಅವನ್ನೇ ಹುಡುಕಿಕೊಂಡು ಬರುವವಳಾದೆ. ಭಾನುವಾರ ಅಂಗಡಿಯ ಮೆಟ್ಟಿಲು ಹತ್ತುವಾಗ ಇರಲಿ, ಇರಲಿ ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

ಮೊದಮೊದಲು ಎಲ್ಲ ಸಲಕರಣೆಗಳೂ ಇದ್ದವು. ಬರುಬರುತ್ತಾ ಒಂದೊಂದೇ ಬಿಟ್ಟುಹೋಗತೊಡಗಿದವು. ಆಮೇಲೆ ಬರೀ ಬೇಲಿ, ಒಳಗೆ ಏನೂ ಇಲ್ಲ. ಹೆಸರುಗಳೂ ಕುಗ್ಗಿದವು. ನನ್ನ ಬೇಲಿ ಎಂದು ಬರೆಯುತ್ತಿದ್ದವರು ನನ್ನ ಎಂದಷ್ಟೇ ಬರೆದರು. ಕೊನೆಗೆ ಬರೀ ಫೋಲ್ಡರುಗಳು ಸಿಗುತ್ತಿದ್ದವು, ಅವಕ್ಕೆ ಅಕ್ಕ ಹೆಸರು ಕೂಡ ಕೊಟ್ಟಿರುತ್ತಿರಲಿಲ್ಲ. ಇದನ್ನೆಲ್ಲ ನಾನು ಭಾವನಿಗೆ ಹೇಳಲಿಲ್ಲ. ಅವರು ಕೇಳುತ್ತಿದ್ದದ್ದು ಇದ್ದವೇ ಎಂದು ಮಾತ್ರ. ಇದ್ದವು ಎನ್ನುತ್ತಿದ್ದೆ.

ಆ ಭಾನುವಾರ ಅಕ್ಕ ಬೀದಿಯ ಕಡೆ ಮುಖಮಾಡಿ ಕೂತಿದ್ದರು. ಕೂದಲು ಬಾಚಿ ಕಟ್ಟಿತ್ತು, ಭಾವನೇ ಕಟ್ಟಿದ್ದು, ಗಂಟು ಒಂದು ಕಡೆ ವಾಲಿತ್ತು. ಕೈಗಳು ಮಡಿಲಲ್ಲಿದ್ದವು. ಎದುರಿಗೆ ಲ್ಯಾಪ್‌ಟಾಪ್ ತೆರೆದೇ ಇತ್ತು. ತಿರುಗಿಸಿಕೊಂಡು ನೋಡಿದೆ. ಎಡಿಟರಿನ ಕೆಳಗಿನ ಮೂಲೆಯಲ್ಲಿ, ಇಂಟರ್‌ಪ್ರಿಟರ್ ಆರಿಸಿ ಎಂದಿತ್ತು. ಯಾರೂ ಆರಿಸಿರಲಿಲ್ಲ. ಕೆಲಸದ ಫೋಲ್ಡರಿನ ಹೊರಗೆ ಹುಡುಕಿದೆ, ಒಳಗೆ ಹುಡುಕಿದೆ, ಅಳಿಸಿದ ಫೈಲುಗಳು ಬೀಳುವ ಕಸದ ಬುಟ್ಟಿಯಲ್ಲೂ ಹುಡುಕಿದೆ. ವಾರವಿಡೀ ಒಂದು ಫೋಲ್ಡರೂ ಹುಟ್ಟಿರಲಿಲ್ಲ.

ಹೊಲಿಗೆ ಮೆಷೀನ್ ನಿಂತಿತು.

“ಇದ್ವಾ ಈ ವಾರ?”

“ನೋಡ್ತಿದ್ದೀನಿ ಭಾವ” ಎಂದೆ.

ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಒಂದು ಫೋಲ್ಡರ್ ಮಾಡಿದೆ. ಅದರೊಳಗೆ ಪೈಥಾನ್ ಇಟ್ಟೆ. ಅಕ್ಕ ಯಾವುದರ ಹಿಂದೆ ಯಾವುದನ್ನು ಹಾಕಬೇಕೆಂದು ಕಲಿಸಿದ್ದರೋ ಹಾಗೆಯೇ ಸಲಕರಣೆಗಳನ್ನು ಹಾಕಿದೆ. ಮೂಲೆಯಲ್ಲಿ ಒತ್ತಿ ಅದನ್ನೇ ಆರಿಸಿದೆ. ಹೆಸರು ಕಾಣಿಸಿಕೊಳ್ಳುವವರೆಗೂ ಕಾದೆ. ಆಮೇಲೆ ಅಷ್ಟನ್ನೂ ಅಳಿಸಿದೆ.

“ಒಂದಿತ್ತು ಭಾವ. ಅಳಿಸಿದೆ.”

“ಒಂದೇನಾ?”

“ಒಂದೇ. ಪೂರ್ತಿ ಹಾಕಿದ್ರು.”

ಭಾವ ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ ಮೆಷೀನಿನಿಂದ ಎದ್ದು ಬಂದು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, ಅವರ ಮೊಣಕಾಲ ಮೇಲೆ ಕೈಯಿಟ್ಟು, ಕಿವಿ ಕೇಳದವರಿಗೆ ಹೇಳುವ ಹಾಗೆ ಜೋರಾಗಿ ಹೇಳಿದರು: “ಕೇಳಿಸ್ತೇನೇ? ಈ ವಾರಾನೂ ಹಾಕಿದ್ದೀಯಂತೆ. ಪೂರ್ತಿ ಹಾಕಿದ್ದೀಯಂತೆ.”

ಅಕ್ಕ ಬೀದಿಯಿಂದ ಕಣ್ಣು ತೆಗೆದು ಅವರನ್ನು ನೋಡಿದರು. ಅಂಗಡಿಗೆ ಬಂದ ಗಿರಾಕಿಗೆ ನಗುವಷ್ಟು ನಕ್ಕು, “ಒಳ್ಳೇದಾಯ್ತು” ಎಂದರು. ಭಾವ ಹೂಂ ಎಂದು ತಲೆಯಾಡಿಸಿ, ಅವರ ವಾಲಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು.